ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊ: ಯಾವ ದಾರಿ ಹಿಡಿಯಬೇಕು?

ಭೂಮಿಯ ಮೈಮೇಲೆ ದಾರ ಎಳೆದು ಅಳೆದರೆ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣಕ್ಕೂ ಸ್ಯಾನ್ ಫ್ರಾನ್ಸಿಸ್ಕೊ ನಿಲ್ದಾಣಕ್ಕೂ ಇರುವ ಅತಿ ಹತ್ತಿರದ ದೂರ ಸುಮಾರು 13,990 ಕಿ.ಮೀ. ಮೈಲಿಯಲ್ಲಿ ಹೇಳುವುದಾದರೆ 8,690. ಟಿಕೆಟ್ ಹುಡುಕುವಾಗ ಹೆಚ್ಚಿನವರು ನೋಡುವುದು ಈ ದೂರವನ್ನು, ಬೆಲೆಯನ್ನು, ಜೊತೆಗೆ ‘ಒಟ್ಟು ಇಷ್ಟು ಗಂಟೆ’ ಎಂದು ತೋರಿಸುವ ಅಂಕಿಯನ್ನು. ಈ ಮೂರರಲ್ಲಿ ದೂರಕ್ಕೆ ಕೊಡಬೇಕಾದ ಮಹತ್ವ ತೀರ ಕಡಿಮೆ. ಗಾಳಿ ಯಾವ ಕಡೆಗೆ ಬೀಸುತ್ತದೆ, ಯಾವ ದೇಶದ ಆಕಾಶ ಮುಚ್ಚಿದೆ, ಪ್ರಯಾಣ ಎಲ್ಲಿ ಎರಡು ತುಂಡಾಗುತ್ತದೆ, ಆ ತುಂಡಾಗುವ ಊರಿನಲ್ಲಿ ನಿಮ್ಮ ಪಾಸ್‌ಪೋರ್ಟಿಗೆ ಏನು ಬೇಕು ಎಂಬುದರ ಮೇಲೆ ದಾರಿ ಆರಿಸಿದರೆ ತೊಂದರೆ ಕಡಿಮೆ.

ನಕ್ಷೆಯ ಗೆರೆ ಬೇರೆ, ವಿಮಾನದ ದಾರಿ ಬೇರೆ

ಅತಿ ಹತ್ತಿರದ ಆ ಗೆರೆ ಬೆಂಗಳೂರಿನಿಂದ ಉತ್ತರಕ್ಕೆ, ಸ್ವಲ್ಪ ಪೂರ್ವಕ್ಕೆ ವಾಲಿಕೊಂಡು ಹೊರಡುತ್ತದೆ. ನೇಪಾಳ, ಟಿಬೆಟ್, ಪಶ್ಚಿಮ ಮಂಗೋಲಿಯಾ, ಸೈಬೀರಿಯಾ ದಾಟಿ 71 ಡಿಗ್ರಿ ಉತ್ತರ ಅಕ್ಷಾಂಶದವರೆಗೆ ಏರಿ, ಅಲಾಸ್ಕದ ಮೇಲಿಂದ ಕ್ಯಾಲಿಫೋರ್ನಿಯಾಗೆ ಇಳಿಯುತ್ತದೆ. ಪ್ರಯಾಣಿಕ ವಿಮಾನ ಈ ಗೆರೆಯ ಮೇಲೆ ಹಾರುವುದಿಲ್ಲ. ಮೊದಲ ಅಡ್ಡಿ ಟಿಬೆಟ್. ವಿಮಾನದೊಳಗಿನ ಒತ್ತಡ ಕುಸಿದರೆ ಪೈಲಟ್ 10,000 ಅಡಿಗೆ ಇಳಿಯಬೇಕು, ಏಕೆಂದರೆ ಪ್ರಯಾಣಿಕರ ಮಾಸ್ಕಿಗೆ ಬರುವ ಆಮ್ಲಜನಕ ಸಾಮಾನ್ಯವಾಗಿ 12ರಿಂದ 20 ನಿಮಿಷಕ್ಕಷ್ಟೇ ಸಾಕಾಗುತ್ತದೆ. ಟಿಬೆಟ್ ಪ್ರಸ್ಥಭೂಮಿಯ ನೆಲವೇ ಸರಾಸರಿ 15,000 ಅಡಿ ಎತ್ತರದಲ್ಲಿದೆ. ಇಳಿಯಲು ಜಾಗವೇ ಇಲ್ಲ. ಹಾಗಾಗಿ ವಿಮಾನಗಳು ಹಿಮಾಲಯವನ್ನು ಎಡಕ್ಕೋ ಬಲಕ್ಕೋ ಬಳಸಿಕೊಂಡು ಹೋಗುತ್ತವೆ.

ಎರಡನೆಯ ಅಡ್ಡಿ ರಾಜಕೀಯದ್ದು. 2022ರ ಉಕ್ರೇನ್ ಯುದ್ಧದ ನಂತರ ಅಮೆರಿಕ ಮತ್ತು ಯುರೋಪಿನ ವಿಮಾನಗಳು ರಷ್ಯಾದ ಮೇಲೆ ಹಾರುವಂತಿಲ್ಲ. 2025ರ ಏಪ್ರಿಲ್ 24ರಂದು ಪಾಕಿಸ್ತಾನ ತನ್ನ ಆಕಾಶವನ್ನು ಭಾರತದ ವಿಮಾನಗಳಿಗೆ ಮುಚ್ಚಿತು, ಆ ನಿಷೇಧವನ್ನು ತಿಂಗಳು ತಿಂಗಳಿಗೂ ಮುಂದುವರಿಸುತ್ತ ಬಂತು. ಇದರ ಬಿಸಿ ಜೋರಾಗಿ ತಟ್ಟಿದ್ದು ದೆಹಲಿಯಿಂದ ಅಮೆರಿಕಕ್ಕೆ ಹಾರುವ ವಿಮಾನಗಳಿಗೆ. ಇಂಧನ ಸಾಲದೆ ಕೆಲವು ನಡುವೆ ಯುರೋಪಿನಲ್ಲಿ ಇಳಿದು ತುಂಬಿಸಿಕೊಂಡು ಹೋಗಬೇಕಾಯಿತು. ಅಂಥ ನಿಲುಗಡೆಯಲ್ಲಿ ಪ್ರಯಾಣಿಕರು ಸೀಟಿನಲ್ಲೇ ಕೂತಿರಬೇಕು, ಟಿಕೆಟಿನ ಮೇಲೆ ಮಾತ್ರ ಅದು ‘ನಾನ್‌ಸ್ಟಾಪ್’.

ದಾರಿಗಳ ದೂರ ಹೀಗಿದೆ. ಎಲ್ಲವೂ ಎರಡು ನಿಲ್ದಾಣಗಳ ನಡುವಿನ ಅತಿ ಹತ್ತಿರದ ದೂರ, ಹತ್ತು ಇಪ್ಪತ್ತು ಕಿಲೋಮೀಟರಿನ ಹೆಚ್ಚುಕಮ್ಮಿಯೊಂದಿಗೆ:

ನೇರವಾಗಿ: 13,990 ಕಿ.ಮೀ.
ದೆಹಲಿ ಮೂಲಕ: 1,710 + 12,380 = 14,090
ಟೋಕಿಯೊ (ನರಿಟಾ) ಮೂಲಕ: 6,700 + 8,230 = 14,930
ಹಾಂಗ್‌ಕಾಂಗ್ ಮೂಲಕ: 3,955 + 11,125 = 15,080
ದುಬೈ ಮೂಲಕ: 2,695 + 13,020 = 15,715
ದೋಹಾ ಮೂಲಕ: 3,040 + 12,995 = 16,035
ಫ್ರಾಂಕ್‌ಫರ್ಟ್ ಮೂಲಕ: 7,400 + 9,150 = 16,550
ಲಂಡನ್ ಮೂಲಕ: 8,045 + 8,615 = 16,660
ಸಿಂಗಪುರ ಮೂಲಕ: 3,180 + 13,580 = 16,760

ದೆಹಲಿ ಮೂಲಕ ಹೋದರೆ ಹೆಚ್ಚಾಗುವುದು ಬರೀ 100 ಕಿ.ಮೀ. ಎಂಬುದನ್ನು ಗಮನಿಸಿ. ಟೋಕಿಯೊ ಸುತ್ತು ದಾರಿಯಂತೆ ಕಂಡರೂ ದುಬೈಗಿಂತ ಸುಮಾರು 800 ಕಿ.ಮೀ. ಹತ್ತಿರ. ಗೋಡೆಗೆ ತೂಗುಹಾಕುವ ಚಪ್ಪಟೆ ನಕ್ಷೆಯನ್ನು ನೋಡಿದವರಿಗೆ ಇದು ನಂಬಲಾಗದ ಮಾತು. ಗ್ಲೋಬ್ ತಿರುಗಿಸಿ ನೋಡಿದರೆ ಒಂದೇ ಕ್ಷಣದಲ್ಲಿ ಅರ್ಥವಾಗುತ್ತದೆ.

ದೂರದಿಂದ ಗಂಟೆಗೆ

ದೊಡ್ಡ ವಿಮಾನ ಗಂಟೆಗೆ ಸುಮಾರು 900 ಕಿ.ಮೀ. ವೇಗದಲ್ಲಿ ಹಾರುತ್ತದೆ. ಏರುವುದು, ಇಳಿಯುವುದು, ರನ್‌ವೇವರೆಗೆ ಉರುಳುವುದು ಎಲ್ಲ ಸೇರಿಸಿ ಲೆಕ್ಕ ಹಾಕಲು ಸುಲಭದ ದಾರಿ: ದೂರವನ್ನು 850ರಿಂದ ಭಾಗಿಸಿ, ಅರ್ಧ ಗಂಟೆ ಕೂಡಿಸಿ. ದುಬೈನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ 13,020 ಭಾಗಿಸು 850 ಅಂದರೆ 15.3, ಅರ್ಧ ಸೇರಿಸಿದರೆ ಹದಿನೈದು ಮುಕ್ಕಾಲು ಗಂಟೆ. ವೇಳಾಪಟ್ಟಿಯೂ ಹೆಚ್ಚುಕಡಿಮೆ ಅಷ್ಟೇ ಹೇಳುತ್ತದೆ.

ಈ ಲೆಕ್ಕ ತಪ್ಪುವುದು ಪೆಸಿಫಿಕ್ ಸಾಗರದ ಮೇಲೆ. ಅಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಚಳಿಗಾಲದಲ್ಲಿ ಗಂಟೆಗೆ 200 ಕಿ.ಮೀ. ದಾಟುವುದು ಸಾಮಾನ್ಯ. ಟೋಕಿಯೊದಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಬೆನ್ನಿಗೆ ಗಾಳಿ ಬಿದ್ದು ಒಂಬತ್ತೂಕಾಲು, ಒಂಬತ್ತೂವರೆ ಗಂಟೆಯಲ್ಲಿ ಮುಗಿಯುವ ಹಾರಾಟ, ಮರಳುವಾಗ ಹನ್ನೊಂದು ಗಂಟೆ ಹಿಡಿಯುತ್ತದೆ. ಹಾಂಗ್‌ಕಾಂಗ್ ದಾರಿಯಲ್ಲಿ ಹೋಗುವಾಗ ಹದಿಮೂರು ಗಂಟೆಯೊಳಗೆ ಆಗುವುದು ಬರುವಾಗ ಹದಿನಾಲ್ಕೂವರೆ ದಾಟುತ್ತದೆ. ಬೆಂಗಳೂರಿನ ನೇರ ಹಾರಾಟಕ್ಕೂ ಇದೇ ಮಾತು: ಹೋಗಲು ಸುಮಾರು 16 ಗಂಟೆ, ಬರಲು 17 ದಾಟುತ್ತದೆ. ಕೊಲ್ಲಿ ದೇಶಗಳಿಂದ ಅಮೆರಿಕದ ಪಶ್ಚಿಮ ತೀರಕ್ಕೆ ವಿಮಾನಗಳು ಉತ್ತರ ಧ್ರುವದ ಕಡೆಯಿಂದ ಹೋಗುವುದರಿಂದ ಅಲ್ಲಿ ಗಾಳಿಯ ವ್ಯತ್ಯಾಸ ಅಷ್ಟು ಕಾಡುವುದಿಲ್ಲ.

ಹಾಗಾದರೆ ಹೋಗುವಾಗ ಟೋಕಿಯೊ ಮೂಲಕ, ಬರುವಾಗ ಲಂಡನ್ ಮೂಲಕ ಎಂದು ಭೂಮಿಯನ್ನೇ ಒಂದು ಸುತ್ತು ಹಾಕಿದರೆ ಲಾಭವೇ? ಜಪಾನ್ ಏರ್‌ಲೈನ್ಸ್ ಮತ್ತು ಬ್ರಿಟಿಷ್ ಏರ್‌ವೇಸ್ ಒಂದೇ ಒಕ್ಕೂಟದವು, ‘ಮಲ್ಟಿ ಸಿಟಿ’ ಹುಡುಕಾಟದಲ್ಲಿ ಇಂಥ ಟಿಕೆಟ್ ಸಿಗಬಹುದು. ಆದರೆ ಬರುವಾಗ ಲಂಡನ್ ದಾರಿಯಲ್ಲಿ ಆಕಾಶದಲ್ಲಿ ಕಳೆಯುವುದು ಸುಮಾರು 20 ಗಂಟೆ, ಟೋಕಿಯೊ ದಾರಿಯಲ್ಲಿ 21. ಉಳಿಯುವ ಒಂದು ಗಂಟೆಗಾಗಿ ಹೆಚ್ಚು ಹಣ ಕೊಡುವುದು ಬೇಡ. ಬೆಲೆ ಒಂದೇ ಇದ್ದು, ನಡುವೆ ಕಾಯುವ ಹೊತ್ತು ಕಡಿಮೆಯಿದ್ದರೆ ಮಾತ್ರ ಯೋಚಿಸಿ.

ಟಿಕೆಟಿನ ಮೇಲಿನ ಸಮಯ ಓದುವುದು

ಟಿಕೆಟಿನಲ್ಲಿ ಬರೆದಿರುವುದೆಲ್ಲ ಆಯಾ ಊರಿನ ಸಮಯ. ಕ್ಯಾಲಿಫೋರ್ನಿಯಾದ ಗಡಿಯಾರ ನಮಗಿಂತ ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ, ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ ಹಿಂದೆ. ಅಲ್ಲಿ ಗಡಿಯಾರ ಮುಂದಿಡುವುದು ಮಾರ್ಚ್‌ನ ಎರಡನೇ ಭಾನುವಾರ, ಹಿಂದಿಡುವುದು ನವೆಂಬರಿನ ಮೊದಲ ಭಾನುವಾರ. ಜನವರಿಯಲ್ಲಿ ಮಧ್ಯಾಹ್ನ 2:00ಕ್ಕೆ ಬೆಂಗಳೂರು ಬಿಟ್ಟು ಅದೇ ದಿನ ಸಂಜೆ 4:30ಕ್ಕೆ ಇಳಿಯುತ್ತದೆ ಎಂದು ಟಿಕೆಟ್ ಹೇಳಿದರೆ, ಗಡಿಯಾರದ ಅಂತರ ಎರಡೂವರೆ ಗಂಟೆ, ಅದಕ್ಕೆ ಹದಿಮೂರೂವರೆ ಕೂಡಿಸಿ: ಒಟ್ಟು 16 ಗಂಟೆ. ಬರುವಾಗ ಕಳೆಯಬೇಕು. ಶುಕ್ರವಾರ ರಾತ್ರಿ 9:00ಕ್ಕೆ ಹೊರಟು ಭಾನುವಾರ ಬೆಳಗಿನ ಜಾವ 4:00ಕ್ಕೆ ಇಳಿದರೆ ಕಾಣುವುದು 31 ಗಂಟೆ, ನಿಜವಾದ ಪ್ರಯಾಣ ಹದಿನೇಳೂವರೆ. ಮದುವೆಗೋ ಗೃಹಪ್ರವೇಶಕ್ಕೋ ಬರುವವರು ಈ ಕಳೆದುಹೋಗುವ ಶನಿವಾರವನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು. ಭಾನುವಾರ ಬೆಳಗ್ಗೆ ಮುಹೂರ್ತವಿದ್ದರೆ ಶುಕ್ರವಾರದ ವಿಮಾನ ತೀರ ಬಿಗಿ. ಬುಧವಾರವೇ ಹೊರಡುವುದು ಕ್ಷೇಮ.

ಒಂದೊಂದು ದಾರಿಯ ಒಳಗುಟ್ಟು

ನೇರ ಹಾರಾಟವನ್ನು ಏರ್ ಇಂಡಿಯಾ 2021ರ ಜನವರಿಯಲ್ಲಿ ಆರಂಭಿಸಿತು. ಸ್ಯಾನ್ ಫ್ರಾನ್ಸಿಸ್ಕೊದಿಂದ ಬಂದ ಆ ಮೊದಲ ವಿಮಾನ ಉತ್ತರ ಧ್ರುವದ ಮೇಲೆ ಹಾದು ಬಂತು, ನಡೆಸಿದವರು ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದ ಮಹಿಳಾ ಪೈಲಟ್‌ಗಳು. 2022ರಲ್ಲಿ ಅದು ನಿಂತಿತು, ಅದೇ ವರ್ಷ ಡಿಸೆಂಬರಿನಲ್ಲಿ ಮತ್ತೆ ಶುರುವಾಯಿತು. ಇಷ್ಟು ಉದ್ದದ ಹಾರಾಟ ಇಂಧನದ ಬೆಲೆ, ಆಕಾಶದ ನಿರ್ಬಂಧ, ದೂರ ಹಾರಬಲ್ಲ ವಿಮಾನದ ಲಭ್ಯತೆ ಈ ಮೂರಕ್ಕೂ ಸಿಕ್ಕಿಕೊಂಡಿರುತ್ತದೆ. ಒಂದು ತಪ್ಪಿದರೂ ಮೊದಲು ಕತ್ತರಿ ಬೀಳುವುದು ಇದಕ್ಕೇ. ನಿಮ್ಮ ತಾರೀಖಿಗೆ ಅದು ವೇಳಾಪಟ್ಟಿಯಲ್ಲಿ ಇದೆಯೇ ಎಂದು ಮೊದಲು ನೋಡಿ. ಇದ್ದರೆ, ಬರುವಾಗ ಹೋಗುವಾಗ ಎರಡೂ ಕಡೆಗೆ ಇದೆಯೇ, ವಾರದಲ್ಲಿ ಎಷ್ಟು ದಿನ ಎಂದು ನೋಡಿ. ವಾರಕ್ಕೆ ಎರಡು ಮೂರೇ ಹಾರಾಟವಿದ್ದಾಗ ಒಂದು ರದ್ದಾದರೆ ಮುಂದಿನದಕ್ಕೆ ಎರಡು ದಿನ ಕಾಯಬೇಕು ಇಲ್ಲವೇ ಬೇರೆ ದಾರಿಯಲ್ಲಿ ಕಳಿಸುತ್ತಾರೆ.

ದೆಹಲಿಯ ದಾರಿಯ ಕಷ್ಟ ಡಿಸೆಂಬರ್, ಜನವರಿಯ ಮಂಜು. ಬೆಂಗಳೂರಿನಿಂದ ಹೊರಟ ಬೆಳಗಿನ ವಿಮಾನ ಅಲ್ಲಿ ಇಳಿಯಲಾಗದೆ ಸುತ್ತುತ್ತಿದ್ದರೆ ಮುಂದಿನದು ಕೈತಪ್ಪುತ್ತದೆ. ಆ ಎರಡು ತಿಂಗಳು ದೆಹಲಿ ಮೂಲಕ ಹೋಗುವವರು ಮಧ್ಯಾಹ್ನದ ಸಂಪರ್ಕ ಆರಿಸಿ, ನಡುವೆ ನಾಲ್ಕು ಗಂಟೆಯಾದರೂ ಇರಲಿ. ಬರುವಾಗ ಇನ್ನೊಂದಿದೆ: ಭಾರತದಲ್ಲಿ ಮೊದಲು ಇಳಿಯುವ ನಿಲ್ದಾಣದಲ್ಲಿ ಇಮಿಗ್ರೇಶನ್, ಕಸ್ಟಮ್ಸ್ ಮುಗಿಸಿ, ಲಗೇಜ್ ಬೆಲ್ಟಿನಿಂದ ಎತ್ತಿ, ಮತ್ತೆ ಬೆಂಗಳೂರಿಗೆ ಹಾಕಬೇಕು. ತಲಾ 23 ಕಿಲೋದ ಎರಡು ಸೂಟ್‌ಕೇಸ್ ಹಿಡಿದ ಅರವತ್ತು ದಾಟಿದವರಿಗೆ ಇದು ಸಣ್ಣ ಕೆಲಸವಲ್ಲ.

ದುಬೈ, ದೋಹಾ ದಾರಿ ನಾಲ್ಕು ಗಂಟೆ ಮತ್ತು ಹದಿನಾರು ಗಂಟೆ ಎಂದು ಅಸಮವಾಗಿ ಒಡೆಯುತ್ತದೆ. ಬೆಂಗಳೂರಿನಿಂದ ಬೆಳಗಿನ ಜಾವ ಹೊರಟರೆ ಮೊದಲ ತುಂಡಿನಲ್ಲಿ ನಿದ್ದೆ ಕೆಡುತ್ತದೆ, ಎರಡನೆಯದರಲ್ಲಿ ಹಗಲಿಡೀ ಕೂತಿರಬೇಕು. ದಿನಕ್ಕೆ ಹಲವು ವಿಮಾನಗಳಿರುವುದು, ಒಂದೇ ಕಂಪನಿಯ ಕೈಯಲ್ಲಿ ಇಡೀ ಪ್ರಯಾಣ ಇರುವುದು ಇದರ ಬಲ. ಬಲಹೀನತೆ ಆ ಭಾಗದ ಯುದ್ಧ. 2025ರ ಜೂನ್ 23ರಂದು ಕತಾರ್ ತನ್ನ ಆಕಾಶವನ್ನು ಏಕಾಏಕಿ ಮುಚ್ಚಿದಾಗ ದೋಹಾದತ್ತ ಬರುತ್ತಿದ್ದ ವಿಮಾನಗಳೆಲ್ಲ ಬೇರೆ ಊರುಗಳಲ್ಲಿ ಇಳಿಯಬೇಕಾಯಿತು. ಆ ಭಾಗದಲ್ಲಿ ಸದ್ದು ಕೇಳುತ್ತಿರುವ ವಾರಗಳಲ್ಲಿ ಪೂರ್ವದ ದಾರಿಯೇ ಮೇಲು.

ಟೋಕಿಯೊ ದಾರಿ ಎಂಟು ಗಂಟೆ ಮತ್ತು ಒಂಬತ್ತೂವರೆ ಗಂಟೆ ಎಂದು ಬಹುತೇಕ ಸಮವಾಗಿ ಒಡೆಯುತ್ತದೆ. ಬೆನ್ನು, ಮೊಣಕಾಲು ನೋವಿನವರಿಗೆ, ಸಣ್ಣ ಮಕ್ಕಳಿರುವವರಿಗೆ ಇದಕ್ಕಿಂತ ಒಳ್ಳೆಯ ಭಾಗ ಬೇರೆಲ್ಲೂ ಸಿಗದು. ಒಂದೇ ಎಚ್ಚರ: ಟೋಕಿಯೊಗೆ ಎರಡು ವಿಮಾನ ನಿಲ್ದಾಣ. ಬೆಂಗಳೂರಿನಿಂದ ನರಿಟಾಕ್ಕೆ ಇಳಿಸಿ, ಹನೇಡಾದಿಂದ ಹತ್ತಿಸುವ ಟಿಕೆಟುಗಳೂ ಹುಡುಕಾಟದಲ್ಲಿ ಬರುತ್ತವೆ. ಅಂಥದ್ದಕ್ಕೆ ಜಪಾನಿನ ವೀಸಾ ಬೇಕು, ಲಗೇಜ್ ಹೊತ್ತು ಊರಿನ ಆ ತುದಿಯಿಂದ ಈ ತುದಿಗೆ ಹೋಗಬೇಕು. ಎರಡೂ ಹಾರಾಟದ ಮುಂದೆ ನರಿಟಾದ ‘ಎನ್‌ಆರ್‌ಟಿ’ ಎಂಬ ಅಕ್ಷರಗಳೇ ಇವೆಯೇ ಎಂದು ನೋಡಿಯೇ ಹಣ ಕಟ್ಟಿ.

ಹಾಂಗ್‌ಕಾಂಗ್, ಸಿಂಗಪುರ ಎರಡೂ ನಿಲ್ದಾಣ ಬದಲಿಸಲು ಸುಲಭ. ಸಿಂಗಪುರದ ದೂರ ಪಟ್ಟಿಯಲ್ಲಿ ಎಲ್ಲಕ್ಕಿಂತ ಹೆಚ್ಚಿದ್ದರೂ ಹೋಗುವಾಗ ಗಾಳಿ ಅದನ್ನು ಸರಿದೂಗಿಸುತ್ತದೆ. ಬರುವಾಗ ಹದಿನೇಳು ಗಂಟೆಯ ಒಂದೇ ಕೂರುವಿಕೆಗೆ ಸಿದ್ಧರಾಗಿ.

ಲಂಡನ್, ಫ್ರಾಂಕ್‌ಫರ್ಟ್ ದಾರಿಗಳು ಹತ್ತು ಮತ್ತು ಹನ್ನೊಂದು ಗಂಟೆಯಾಗಿ ಚೆನ್ನಾಗಿಯೇ ಒಡೆಯುತ್ತವೆ. ಇಲ್ಲಿ ಕಾಲು ಹಿಡಿಯುವುದು ವೀಸಾ. ಭಾರತದ ಪಾಸ್‌ಪೋರ್ಟಿನವರಲ್ಲಿ ಚಾಲ್ತಿಯಲ್ಲಿರುವ ಅಮೆರಿಕ ವೀಸಾ ಅಥವಾ ಗ್ರೀನ್ ಕಾರ್ಡ್ ಇದ್ದವರು ನಿಲ್ದಾಣದೊಳಗೇ ವಿಮಾನ ಬದಲಿಸಲು ಟ್ರಾನ್ಸಿಟ್ ವೀಸಾದಿಂದ ವಿನಾಯಿತಿ ಪಡೆಯುತ್ತಾರೆ. ಹಾಗಾಗಿ ಮಕ್ಕಳನ್ನು ನೋಡಲು ಹೊರಟ ತಂದೆತಾಯಿಗೆ ತೊಂದರೆಯಿಲ್ಲ. ಸಿಕ್ಕಿಬೀಳುವವರು ಎಚ್-1ಬಿ ಮೇಲೆ ದುಡಿಯುತ್ತಿರುವ ಮಕ್ಕಳು. ಪಾಸ್‌ಪೋರ್ಟಿನಲ್ಲಿನ ವೀಸಾ ಮುದ್ರೆಯ ಅವಧಿ ಮುಗಿದು, ಐ-797 ಪತ್ರದ ಬಲದಿಂದ ಅಲ್ಲಿದ್ದು, ಹೊಸ ಮುದ್ರೆ ಹಾಕಿಸಲು ಊರಿಗೆ ಹೊರಡುತ್ತಾರೆ. ಸ್ಯಾನ್ ಫ್ರಾನ್ಸಿಸ್ಕೊದ ಚೆಕ್-ಇನ್ ಕೌಂಟರಿನಲ್ಲೇ ಯುರೋಪಿನ ವಿಮಾನ ಹತ್ತಲು ಬಿಡದಿರಬಹುದು. ಆ ಪತ್ರ ಅಮೆರಿಕದೊಳಗೆ ಇರಲು ಅನುಮತಿಯೇ ಹೊರತು ವೀಸಾ ಅಲ್ಲ. ಇಂಥವರು ಕೊಲ್ಲಿ ಅಥವಾ ಪೂರ್ವ ಏಷ್ಯಾದ ದಾರಿ ಹಿಡಿಯಲಿ, ಯುರೋಪೇ ಆಗಬೇಕೆಂದರೆ ಆ ದೇಶದ ಇತ್ತೀಚಿನ ಟ್ರಾನ್ಸಿಟ್ ನಿಯಮವನ್ನು ಟಿಕೆಟ್ ಕೊಳ್ಳುವ ಮೊದಲೇ ನೋಡಲಿ.

ನ್ಯೂಯಾರ್ಕ್, ಷಿಕಾಗೊ ಮೂಲಕ ಹೋಗುವ ಟಿಕೆಟುಗಳೂ ಅಗ್ಗವಾಗಿ ಕಾಣಿಸುತ್ತವೆ. ಅಮೆರಿಕದಲ್ಲಿ ಮೊದಲು ಕಾಲಿಟ್ಟ ಊರಲ್ಲೇ ಇಮಿಗ್ರೇಶನ್, ಅಲ್ಲೇ ಲಗೇಜ್ ಎತ್ತಿ ಮತ್ತೆ ಕೊಡಬೇಕು, ಮತ್ತೊಮ್ಮೆ ಸೆಕ್ಯುರಿಟಿ. ಸಾಲು ಉದ್ದವಿದ್ದರೆ ಎರಡು ಗಂಟೆ ಅಲ್ಲೇ ಕರಗುತ್ತದೆ. ಬೇರೆ ದಾರಿ ಇರುವಾಗ ಇದು ಬೇಡ.

ಎರಡು ಬೇರೆ ಟಿಕೆಟ್ ಜೋಡಿಸುವ ಆಸೆ

ಮಂಗಳೂರಿನಿಂದ ದುಬೈಗೆ ಒಂದು ಅಗ್ಗದ ಟಿಕೆಟ್, ದುಬೈನಿಂದ ಮುಂದಕ್ಕೆ ಇನ್ನೊಂದು ಎಂದು ಜೋಡಿಸಿದರೆ ಬೆಂಗಳೂರಿನವರೆಗೆ ಬರುವ ಶ್ರಮ ಉಳಿಯುತ್ತದೆ ಎಂದು ಕರಾವಳಿಯ ಹಲವರ ಲೆಕ್ಕ. ಟಿಕೆಟ್ ಬೇರೆಯಾದರೆ ಲಗೇಜ್ ದುಬೈನಲ್ಲೇ ಹೊರಬರುತ್ತದೆ, ಅದನ್ನು ತೆಗೆದುಕೊಳ್ಳಲು ಆ ದೇಶದೊಳಗೆ ಪ್ರವೇಶಿಸಬೇಕು, ಅದಕ್ಕೆ ವೀಸಾ ಬೇಕು, ಆಮೇಲೆ ಇನ್ನೊಂದು ಟರ್ಮಿನಲ್‌ಗೆ ಹೋಗಬೇಕು. ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಯಾರೂ ಹೊಣೆಯಲ್ಲ. ಒಂದೇ ಪಿಎನ್‌ಆರ್‌ನಲ್ಲಿ ಎರಡೂ ಇದ್ದರೆ ಮುಂದಿನ ವಿಮಾನಕ್ಕೆ ಹತ್ತಿಸುವುದು ಕಂಪನಿಯ ಜವಾಬ್ದಾರಿ. ಲಗೇಜಿನ ಮಿತಿಯೂ ಬೇರೆ: ದೇಶದೊಳಗಿನ ಬಿಡಿ ಟಿಕೆಟಿಗೆ ಸಾಮಾನ್ಯವಾಗಿ 15 ಕಿಲೋ, ಅಮೆರಿಕದವರೆಗಿನ ಟಿಕೆಟಿಗೆ ಸಾಮಾನ್ಯವಾಗಿ 23 ಕಿಲೋದ ಎರಡು ಪೆಟ್ಟಿಗೆ. ತೀರ ಅಗ್ಗದ ದರಗಳಲ್ಲಿ ಎರಡನೆಯ ಪೆಟ್ಟಿಗೆ ಇರುವುದಿಲ್ಲ, ಅದನ್ನೂ ಓದಿಕೊಳ್ಳಿ.

ಹುಬ್ಬಳ್ಳಿ, ಬೆಳಗಾವಿ, ಮಂಗಳೂರಿನಿಂದ ವಿಮಾನದಲ್ಲೇ ಬೆಂಗಳೂರಿಗೆ ಬರುವವರು ಟರ್ಮಿನಲ್ ನೋಡಿಕೊಳ್ಳಬೇಕು. 2023ರ ಸೆಪ್ಟೆಂಬರಿನಿಂದ ಅಂತಾರಾಷ್ಟ್ರೀಯ ಹಾರಾಟಗಳು ಹೊಸ ಟರ್ಮಿನಲ್ 2ರಿಂದ. ನೀವು ಟರ್ಮಿನಲ್ 1ರಲ್ಲಿ ಇಳಿದರೆ ಲಗೇಜ್ ಎತ್ತಿಕೊಂಡು ಶಟಲ್ ಬಸ್ಸಿನಲ್ಲಿ ಅಲ್ಲಿಗೆ ಹೋಗಬೇಕು. ಮೈಸೂರು, ಮಡಿಕೇರಿಯವರಿಗೆ ಕೆಎಸ್‌ಆರ್‌ಟಿಸಿಯ ಫ್ಲೈಬಸ್ ನೇರವಾಗಿ ನಿಲ್ದಾಣಕ್ಕೇ ಬರುತ್ತದೆ.

ಯಾರಿಗೆ ಯಾವುದು

ಮೊದಲ ಸಲ ಒಬ್ಬರೇ ಅಥವಾ ಇಬ್ಬರೇ ಹೊರಟ ಹಿರಿಯರಿಗೆ ನೇರ ಹಾರಾಟ ಸಿಕ್ಕರೆ ಹತ್ತು ಹದಿನೈದು ಸಾವಿರ ರೂಪಾಯಿ ಹೆಚ್ಚಾದರೂ ಅದೇ ಸರಿ. ಸಿಗದಿದ್ದರೆ ಒಂದೇ ಕಂಪನಿಯ, ಒಂದೇ ನಿಲುಗಡೆಯ ಟಿಕೆಟ್. ನಡುವೆ ಮೂರು ಗಂಟೆಗೆ ಕಡಿಮೆಯಿಲ್ಲದ, ಐದಕ್ಕೆ ಹೆಚ್ಚಿಲ್ಲದ ಬಿಡುವು. ಬುಕ್ ಮಾಡುವಾಗಲೇ ವ್ಹೀಲ್‌ಚೇರ್ ಕೇಳಿ. ಮೆಟ್ಟಿಲು ಹತ್ತಬಲ್ಲವರಿಗೆ ‘ಡಬ್ಲ್ಯುಸಿಎಚ್‌ಆರ್’, ಮೆಟ್ಟಿಲು ಆಗದವರಿಗೆ ‘ಡಬ್ಲ್ಯುಸಿಎಚ್‌ಎಸ್’ ಎಂಬ ಗುರುತು ಟಿಕೆಟಿನಲ್ಲಿ ಕಾಣಬೇಕು. ಹೋಗುವ ಹಾರಾಟಕ್ಕೆ ಹಾಕಿ, ಬರುವುದಕ್ಕೆ ಹಾಕದೆ ಬಿಡುವುದು ತೀರ ಸಾಮಾನ್ಯ. ನಾಲ್ಕೂ ತುಂಡಿಗೆ ಇದೆಯೇ ಎಂದು ಫೋನಿನಲ್ಲಿ ಓದಿಸಿಕೊಳ್ಳಿ. ಸಸ್ಯಾಹಾರಕ್ಕೆ ‘ಎವಿಎಂಎಲ್’ ಎಂದು ಆರಿಸಿದರೆ ಭಾರತೀಯ ಬಗೆಯ ಊಟ ಬರುತ್ತದೆ. ಎರಡು ದಿನ ಮೊದಲೇ ಹೇಳಿರಬೇಕು.

ರಕ್ತ ಹೆಪ್ಪುಗಟ್ಟುವ ತೊಂದರೆ ಇರುವವರು, ಇತ್ತೀಚೆಗೆ ಶಸ್ತ್ರಚಿಕಿತ್ಸೆಯಾದವರು, ಗರ್ಭಿಣಿಯರು ಹದಿನಾರು ಗಂಟೆಯ ಒಂದೇ ಹಾರಾಟಕ್ಕಿಂತ ಸಮನಾಗಿ ಒಡೆಯುವ ದಾರಿಯನ್ನು ವೈದ್ಯರನ್ನು ಕೇಳಿ ಆರಿಸಲಿ. ನಾಲ್ಕು ಗಂಟೆ ಮೀರಿ ಅಲುಗಾಡದೆ ಕೂತರೆ ಕಾಲಿನ ರಕ್ತನಾಳಗಳಲ್ಲಿ ಹೆಪ್ಪು ಕಟ್ಟುವ ಅಪಾಯ ಹೆಚ್ಚುತ್ತದೆ. ಎರಡು ಗಂಟೆಗೊಮ್ಮೆ ಎದ್ದು ಓಡಾಡಲು ದಾರಿ ಪಕ್ಕದ ಸೀಟು ಬೇಕು, ಕಿಟಕಿಯದಲ್ಲ.

ಕೆಲಸಕ್ಕೆ ಪದೇ ಪದೇ ಓಡಾಡುವವರು ಆಕಾಶದಲ್ಲಿನ ಗಂಟೆಯನ್ನಲ್ಲ, ಮನೆ ಬಾಗಿಲಿನಿಂದ ಮನೆ ಬಾಗಿಲಿಗೆ ಲೆಕ್ಕ ಹಾಕಲಿ. ಬೆಂಗಳೂರಿನ ಟ್ರಾಫಿಕ್‌ಗೆ ಎರಡು ಗಂಟೆ, ನಿಲ್ದಾಣದಲ್ಲಿ ಮೂರು, ಅಲ್ಲಿ ಇಳಿದ ಮೇಲೆ ಇಮಿಗ್ರೇಶನ್ ಮುಗಿಸಿ ಸುತ್ತಲಿನ ಸನಿವೇಲ್, ಫ್ರೀಮಾಂಟ್‌ನಂಥ ಊರು ತಲುಪಲು ಇನ್ನೆರಡು. ಈ ಏಳು ಗಂಟೆ ಎಲ್ಲ ದಾರಿಗೂ ಒಂದೇ. ಅದರ ಮೇಲೆ ನೇರ ಹಾರಾಟಕ್ಕೆ 16, ಟೋಕಿಯೊ ದಾರಿಗೆ ಎರಡು ಗಂಟೆಯ ಬಿಡುವು ಸೇರಿ ಹತ್ತೊಂಬತ್ತೂವರೆ, ದುಬೈ ದಾರಿಗೆ ಮೂರು ಗಂಟೆಯ ಬಿಡುವು ಸೇರಿ 23. ನೇರಕ್ಕೂ ಒಳ್ಳೆಯ ಟೋಕಿಯೊ ಸಂಪರ್ಕಕ್ಕೂ ಇರುವ ವ್ಯತ್ಯಾಸ ಇಷ್ಟೇ ಆದರೆ ಬೆಲೆಯೇ ತೀರ್ಮಾನಿಸಲಿ.

ಇನ್ನು ಪೆಟ್ಟಿಗೆ ಕಟ್ಟುವ ವಿಷಯ. ನಡುವಿನ ನಿಲ್ದಾಣದಲ್ಲಿ ಮತ್ತೆ ಸೆಕ್ಯುರಿಟಿ ಚೆಕ್ ಇರುವುದರಿಂದ ಮೊದಲ ವಿಮಾನದಲ್ಲಿ ಉಳಿಸಿಕೊಂಡ ನೀರಿನ ಬಾಟಲಿ ಅಲ್ಲಿ ಹೋಗುತ್ತದೆ. ಅಮೆರಿಕಕ್ಕೆ ಹೋಗುವ ವಿಮಾನದೊಳಗೆ 350 ಮಿ.ಲೀ. ಅಳತೆ ಮೀರಿದ ಪುಡಿಯನ್ನು ಕೈಚೀಲದಲ್ಲಿ ಒಯ್ಯಲು ಬಿಡದಿರಬಹುದು. ಸಾರಿನ ಪುಡಿ, ಚಟ್ನಿಪುಡಿ, ಕಾಫಿಪುಡಿ ಎಲ್ಲ ಚೆಕ್-ಇನ್ ಪೆಟ್ಟಿಗೆಯಲ್ಲಿರಲಿ. ಹಸಿ ಕರಿಬೇವನ್ನು ಅಮೆರಿಕದೊಳಗೆ ಬಿಡುವುದಿಲ್ಲ, ನಿಂಬೆ ಜಾತಿಯ ಗಿಡಗಳಿಗೆ ರೋಗ ಹರಡುವ ಕೀಟ ಅದರೊಂದಿಗೆ ಬರುತ್ತದೆಂಬ ಕಾರಣಕ್ಕೆ. ಔಷಧಿ, ವೈದ್ಯರ ಚೀಟಿ, ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಲಿ. ಸಂಪರ್ಕ ಬಿಗಿಯಾದಾಗ ನೀವು ಓಡಿ ವಿಮಾನ ಹತ್ತಿದರೂ ಪೆಟ್ಟಿಗೆ ಹಿಂದೆ ಉಳಿಯುವುದುಂಟು. ಕೌಂಟರಿನಲ್ಲಿ ಪೆಟ್ಟಿಗೆಗೆ ಅಂಟಿಸುವ ಚೀಟಿಯ ಮೇಲೆ ಕೊನೆಯ ಊರಾಗಿ ‘ಎಸ್‌ಎಫ್‌ಒ’ ಎಂಬ ಅಕ್ಷರಗಳಿವೆಯೇ ನೋಡಿ, ಅದರ ತುಂಡನ್ನು ಬೋರ್ಡಿಂಗ್ ಪಾಸಿನ ಹಿಂದೆ ಅಂಟಿಸಿಕೊಟ್ಟ ಮೇಲೆ ಫೋನಿನಲ್ಲಿ ಅದರ ಚಿತ್ರ ತೆಗೆದಿಟ್ಟುಕೊಳ್ಳಿ. ಪೆಟ್ಟಿಗೆ ಬರದೇ ಹೋದರೆ ಅವರು ಮೊದಲು ಕೇಳುವುದು ಆ ಹತ್ತಂಕಿಯ ಸಂಖ್ಯೆಯನ್ನೇ.